ಏಳು ನಾಯಿಗಳ ಮುಂದೆ ನಮ್ಮ ಕಾಳಿ

ಹಿರೇಕೊಟ್ನೆಕಲ್‌ನಲ್ಲಿ ಕಾರಿನ ಬಾಗಿಲು ತೆಗೆದು ಕಾಳಿಯನ್ನು ಇಳಿಸಿದ್ದೇ ತಡ, ಏಳು ನಾಯಿಗಳು ಬಂದು ಸುತ್ತ ನಿಂತವು. ಒಂದು ಬೇವಿನ ಬುಡದಿಂದ ಎದ್ದು ಬಂತು, ಎರಡು ಹಿಟ್ಟಿನ ಗಿರಣಿಯ ಕಡೆಯಿಂದ. ಉಳಿದವು ಯಾವ ಸಂದಿಯಿಂದ ಬಂದವೋ ಗೊತ್ತಾಗಲಿಲ್ಲ. ರಾಯಚೂರಿನ ನಮ್ಮ ಓಣಿಯಲ್ಲಿ ಹುಲಿಯಂತೆ ತಿರುಗುವ ಕಾಳಿ ಬಾಲವನ್ನು ಹೊಟ್ಟೆಯಡಿ ಮಡಚಿಕೊಂಡು ನನ್ನ ಕಾಲುಗಳ ನಡುವೆ ಸೇರಿದಳು. ಎತ್ತಿಕೊಳ್ಳಲು ಬಗ್ಗಿದೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಅಲ್ಲಿಂದಲೇ ಕೂಗಿದರು: “ಎತ್ತಬ್ಯಾಡ ತಮ್ಮಾ! ಎತ್ತಿದ್ರ ಮೈಮ್ಯಾಲೆ ಜಿಗಿತಾವ. ಹಗ್ಗ ಸಡ್ಲ ಬಿಟ್ಟು ಸುಮ್ನ ನಿಂದ್ರು. ಅವು ಅವು ಮಾತಾಡ್ಕೊಂತಾವ.”

ಸುಮ್ಮನೆ ನಿಂತೆ. ಮೂಗಿಗೆ ಮೂಗು, ಬಾಲಕ್ಕೆ ಮೂಗು. ಎರಡು ನಿಮಿಷ ವಿಚಾರಣೆ ನಡೆಯಿತು. ಕೊನೆಗೆ ದೊಡ್ಡದೊಂದು ಕೆಂದ ನಾಯಿ ಕಾರಿನ ಗಾಲಿಗೆ ಕಾಲೆತ್ತಿ ತನ್ನ ಗುರುತು ಹಾಕಿ ನೆರಳಿಗೆ ಹೋಯಿತು. ಉಳಿದವೂ ಅದರ ಬೆನ್ನಿಗೇ ಹೋದವು. ಕಾಳಿಯ ಬಾಲ ನಿಧಾನಕ್ಕೆ ಮೇಲೆದ್ದಿತು.

ಕಾಳಿ ಜಾತಿ ನಾಯಿಯಲ್ಲ. ಮೂರು ವರ್ಷದ ಹಿಂದೆ ಮಳೆಯಲ್ಲಿ ನಮ್ಮ ಮನೆಯ ಗೇಟಿನಡಿ ನುಸುಳಿ ಬಂದ ಕರಿ ಮರಿ. ಹೆಸರು ಮಾತ್ರ ಸಾವಿರ ವರ್ಷ ಹಳೆಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಕಲ್ಲೊಂದು ಸಿಕ್ಕಿತು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಮೇಲೆ, ಬೂತುಗ ತನ್ನ ಕಡೆಯ ವೀರ ಮಣಲೇರನಿಗೆ ಏನು ಬೇಕೋ ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಹೋಗುತ್ತಾನೆ ಎಂದು ಬರೆಸಿದರು. ಕಲ್ಲಿನ ಮೇಲೆ ನಾಯಿ ಹಂದಿಯ ಮೈಮೇಲೆ ಏರಿಹೋಗುತ್ತಿರುವ ಕೆತ್ತನೆ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು. ನಾಯಿ ಸಾಕಿದ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆ ಹೋಗಿ ಅದರ ಮುಂದೆ ನಿಲ್ಲಬೇಕು ಎಂಬುದು ನನ್ನ ಆಸೆ.

ಇನ್ನು ಈ ತಿರುಗಾಟದ ಹುಚ್ಚು ಹತ್ತಿಸಿದವನು ಫ್ರಾನ್ಸಿನಲ್ಲಿ ನೌಕರಿ ಮಾಡುವ ನನ್ನ ಗೆಳೆಯ. ಮಾನ್ವಿ ಸೀಮೆಯವನು, ಈಗ ಆಲ್ಪ್ಸ್ ಬೆಟ್ಟಗಳ ಬುಡದ ಗ್ರೆನೋಬ್ಲ್ ಊರಿನಲ್ಲಿದ್ದಾನೆ. ಶನಿವಾರ ಬಂತೆಂದರೆ ನಾಯಿ ಕರೆದುಕೊಂಡು ಹಳ್ಳಿ ಕಡೆ ಹೊರಡುತ್ತಾನೆ. ಅಲ್ಲಿ ರೈಲಿನಲ್ಲಿ ನಾಯಿಗೂ ಟಿಕೆಟ್ ಉಂಟು, ಹೋಟೆಲಿನ ಮೇಜಿನಡಿ ಮಲಗಿದ ನಾಯಿಗೆ ಕೇಳದೆಯೇ ಬಟ್ಟಲಲ್ಲಿ ನೀರು ಬರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2004ರಿಂದ ನಾಯಿಗೇ ಒಂದು ಪಾಸ್‌ಪೋರ್ಟ್ ಇದೆ. “ನೀನೂ ಕಾಳಿನ್ನ ಕರ್ಕೊಂಡು ಬಾ” ಎಂದ. ವಿಚಾರಿಸಿ ನೋಡಿದೆ. ಭಾರತದ ನಾಯಿ ಅಲ್ಲಿಗೆ ಹೋಗಬೇಕಾದರೆ ಮೊದಲು ಚರ್ಮದಡಿ ಮೈಕ್ರೋಚಿಪ್, ಆಮೇಲೆ ಹುಚ್ಚುನಾಯಿ ರೋಗದ ಲಸಿಕೆ, 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯುವುದು. ಎರಡು ದಿನದ ಹಳ್ಳಿ ತಿರುಗಾಟಕ್ಕೆ ನಾಲ್ಕು ತಿಂಗಳ ಓಡಾಟ. ಕೃಷ್ಣೆ ತುಂಗಭದ್ರೆಯರ ನಡುವೆ ಇರುವವರಿಗೆ ಹಳ್ಳಿಗೇನು ಬರ? ಸಂಕ್ರಾಂತಿ ಮುಗಿದ ವಾರ, ಶನಿವಾರ ನಸುಕಿನಲ್ಲಿ ರಾಯಚೂರು ಬಿಟ್ಟೆವು.

ಜನವರಿಯಲ್ಲೇ ಹೊರಟದ್ದಕ್ಕೆ ಕಾರಣವಿದೆ. ಏಪ್ರಿಲ್–ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಡಾಂಬರಿನ ಮೇಲೆ ಕಾಲಿಟ್ಟರೆ ನಾಯಿಯ ಅಂಗಾಲಿನಲ್ಲಿ ಬೊಬ್ಬೆ ಬರುತ್ತದೆ. ಮಾಗಿಯಲ್ಲಿ ಆ ಭಯವಿಲ್ಲ. ಗಬ್ಬೂರಿನಲ್ಲಿ ಮೊದಲು ನಿಂತೆವು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಶಾಸನಗಳು ತುಂಬಿದ ಊರು ಅದು. ಒಬ್ಬರು ಒಳಗೆ ಹೋದಾಗ ಇನ್ನೊಬ್ಬರು ಕಾಳಿಯನ್ನು ಹಿಡಿದುಕೊಂಡು ಹೊರಗೆ. ಹೊರಗೆ ನಿಂತವರಿಗೇ ಹೆಚ್ಚು ಲಾಭವಾಯಿತೆಂದು ನಾನು ಹೇಳುತ್ತೇನೆ. ನಾಯಿ ಕಂಡು ಹುಡುಗರು ಸೇರಿದರು, ಹುಡುಗರ ಹಿಂದೆ ಅವರ ಅವ್ವಂದಿರು ಬಂದರು. “ಏನ್ರಿ, ಕಚ್ಚತೈತೇನ್ರಿ?” ಎಂದು ಶುರುವಾದ ಮಾತು ಯಾರ ಮನೆಯವರು, ಯಾವ ಊರಿನ ಬೀಗರು ಎನ್ನುವವರೆಗೆ ಹೋಯಿತು.

ದೇವದುರ್ಗದ ಕಡೆ ಎರೆಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ರಸ್ತೆ ಬದಿಯ ಹೊಲದವರು ಕರೆದು ಸೀತನಿ ಸುಟ್ಟು ಕೊಟ್ಟರು. ಕಾಳಿಗೂ ಒಂದು ಹಿಡಿ ಉದುರಿಸಿದರು. ಅಲ್ಲಿಂದ ಕೃಷ್ಣೆಯ ದಂಡೆಗೆ, ನರಸಿಂಹನ ಗುಡಿಯಿರುವ ಕೊಪ್ಪರಕ್ಕೆ. ನೀರು ಕಂಡು ಕಾಳಿ ಹಗ್ಗ ಜಗ್ಗಿದಳು. ಬಿಡಲಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಂಡೆಗೆ ನೀರು ಕುಡಿಯಲು ಬಂದ ದನ, ಆಡು, ನಾಯಿ ಅವಕ್ಕೆ ಸಿಗುತ್ತವೆ. ಬಟ್ಟೆ ಒಗೆಯುವ ಹೆಣ್ಣುಮಕ್ಕಳು ಎಲ್ಲಿ ಕಾಲಿಡುತ್ತಾರೋ ಅಲ್ಲಿ ಮಾತ್ರ ಕಾಲಿಡಬೇಕು, ನಾಯಿಯನ್ನಂತೂ ನೀರಿಗೆ ಬಿಡಲೇಬಾರದು. ಕೊಡದಲ್ಲಿ ತಂದ ನೀರನ್ನೇ ಬಟ್ಟಲಿಗೆ ಹಾಕಿದೆವು.

ಸಂಜೆ ಹಿರೇಕೊಟ್ನೆಕಲ್. ಆ ಏಳು ನಾಯಿಗಳ ವಿಚಾರಣೆ ಮುಗಿಸಿ ಸೋದರಮಾವನ ಮನೆ ಸೇರಿದೆವು. ಅತ್ತೆ ನಾಯಿಯನ್ನು ಹೊಸ್ತಿಲೊಳಗೆ ಬಿಡುವವರಲ್ಲ, ನಾವು ಕೇಳಲೂ ಇಲ್ಲ. ದನದ ಕೊಟ್ಟಿಗೆಯ ಪಕ್ಕ ಭತ್ತದ ಹುಲ್ಲು ಹಾಸಿ, ಮೇಲೆ ಹಳೆ ಕೌದಿ ಹಾಕಿ ಅವರೇ ಜಾಗ ಮಾಡಿದರು. ಜೋಳದ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಇಟ್ಟರು. ಪೇಟೆಯಲ್ಲಿ ಡಬ್ಬಿಯ ಕಾಳು ತಿನ್ನುವ ಕಾಳಿ ಬಟ್ಟಲು ಹೊಳೆಯುವ ಹಾಗೆ ನೆಕ್ಕಿದಳು. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಗೆ ಮೂಗಿಟ್ಟು ಹತ್ತು ಸಲ ಸೀನಿದ್ದನ್ನು ನೋಡಿ ಅತ್ತೆ ನಕ್ಕಿದ್ದೇ ನಕ್ಕಿದ್ದು. ರಾತ್ರಿ ಮಲಗುವ ಮುಂಚೆ ಕಂದೀಲು ಹಿಡಿದು ಹೋಗಿ ಕೌದಿ ಹೊದಿಸಿ ಬಂದವರೂ ಅವರೇ.

ಭಾನುವಾರ ಬೆಳಿಗ್ಗೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು ನಮ್ಮ ಸೀಮೆಯವು. ಭತ್ತ ಕೊಯ್ದ ಮೇಲೆ ಕೂಳೆ ಮೇಯಿಸಲು ದೂರದೂರಿನ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ. ರಾತ್ರಿ ಒಬ್ಬರ ಹೊಲದಲ್ಲಿ ಕುರಿ ತರುಬುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೆ ರೊಕ್ಕ. ನಸುಕಿನಲ್ಲಿ ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದಾಗ ಮಂಜಿನೊಳಗಿಂದ ಕಪ್ಪು ಕಪ್ಪಾಗಿ ಹಿಂಡು ಕಂಡಿತು. ಕಾಳಿಯ ಕಿವಿ ನೆಟ್ಟಗಾದವು. ಅಷ್ಟರಲ್ಲಿ ಉದ್ದ ಕಾಲಿನ, ಸಣ್ಣ ಸೊಂಟದ ಎರಡು ನಾಯಿಗಳು ಬೊಗಳದೆಯೇ ಬಂದು ನಮಗೂ ಹಿಂಡಿಗೂ ನಡುವೆ ನಿಂತವು. ಮೈಕಟ್ಟು ಮುಧೋಳ ನಾಯಿಯದೇ. ಕೊರಳಿಗೆ ಮೊಣಕಾಲುದ್ದದ ಕಟ್ಟಿಗೆ ತುಂಡು ಜೋತುಬಿದ್ದಿತ್ತು. ಮೊಲದ ಹಿಂದೆ ಓಡಿಹೋಗದಿರಲಿ ಎಂದು ಕಟ್ಟಿದ್ದು. ಊರ ನಾಯಿಗಳಂತೆ ಇವು ಮೂಸಲು ಬರಲಿಲ್ಲ. ಸುಮ್ಮನೆ ನಿಂತು ನೋಡಿದವು, ಅಷ್ಟೆ. ನನಗೆ ಒಂದು ಹೆಜ್ಜೆ ಮುಂದಿಡುವ ಧೈರ್ಯ ಬರಲಿಲ್ಲ.

ಕಂಬಳಿ ಹೊದ್ದ ಕುರಿಗಾರಣ್ಣ ದೂರದಿಂದ ಕೈ ಮಾಡಿದ. “ನಿಮ್ದು ಸಾಕಿದ ನಾಯಿ ಐತ್ರಿ, ಇವು ಕೆಲ್ಸದ ನಾಯಿ. ನಡುಕ ಹಾಯಬ್ಯಾಡ್ರಿ, ಸುತ್ತ ಹಾಕಿ ಬರ್ರಿ. ಗಬ್ಬದ ಕುರಿ ಅದಾವ, ಬೆದರಿದ್ರ ಕಂದು ಹಾಕ್ತಾವ.”

ಗೆಳೆಯ ಕಳಿಸಿದ್ದ ಚಿತ್ರವೊಂದು ಆಗ ನೆನಪಾಯಿತು. ಆಲ್ಪ್ಸ್‌ನ ದಾರಿಯಲ್ಲಿ ನೆಟ್ಟ ಹಲಗೆ, ಅದರ ಮೇಲೆ ದೊಡ್ಡ ಬಿಳಿ ನಾಯಿಯ ಚಿತ್ರ. ಫ್ರಾನ್ಸಿನಲ್ಲಿ ತೋಳ ಒಮ್ಮೆ ಪೂರ್ತಿ ಅಳಿದುಹೋಗಿತ್ತು. 1992ರಲ್ಲಿ ಇಟಲಿ ಕಡೆಯಿಂದ ಮತ್ತೆ ಬಂತು. ಕುರಿ ಕಾಯಲು ಅಲ್ಲಿಯವರು ಪತೂ ಎಂದು ಕರೆಯುವ ಬಿಳಿ ನಾಯಿಗಳನ್ನು ಹಿಂಡಿನ ಜೊತೆಗೇ ಬೆಳೆಸತೊಡಗಿದರು. ಬೆಟ್ಟ ನೋಡಲು ಬರುವವರಿಗೆ ಹಲಗೆ ಹೇಳುವುದೂ ಇಷ್ಟೇ: ಹಿಂಡಿನ ನಡುವೆ ಹಾಯಬೇಡಿ, ಸುತ್ತು ಹಾಕಿ ಹೋಗಿ, ನಿಮ್ಮ ನಾಯಿಗೆ ಹಗ್ಗವಿರಲಿ. ಹಿರೇಕೊಟ್ನೆಕಲ್ ಗದ್ದೆಯಲ್ಲಿ ಹಲಗೆ ಇರಲಿಲ್ಲ, ಮನುಷ್ಯ ಇದ್ದ. ನಮಗೆ ರಜೆಯ ಜಾಗವಾದ ಆ ಬಯಲು ಆ ಎರಡು ನಾಯಿಗಳಿಗೆ ದುಡಿಯುವ ಜಾಗ. ನಾಯಿ ಜೊತೆಗೆ ಹಳ್ಳಿಗೆ ಹೊರಡುವವರು ಮೊದಲು ತಿಳಿಯಬೇಕಾದದ್ದು ಇದನ್ನೇ ಎಂದು ನನಗೆ ಅಲ್ಲಿ ಅನ್ನಿಸಿತು. ಅಗಸೆಯಲ್ಲೋ ಕಟ್ಟೆಯಲ್ಲೋ ಇರುವ ನಾಯಿಯನ್ನು ಬೀಡಾಡಿ ಎಂದು ಕಲ್ಲೆತ್ತಿ ಓಡಿಸುವ ಹಕ್ಕು ಹೊರಗಿನಿಂದ ಬಂದ ನಮಗಿಲ್ಲ.

ಸುತ್ತು ಹಾಕಿ ಹೋಗಿ ಅವರ ಒಲೆಯ ಹತ್ತಿರ ಕೂತೆವು. ತೋಳದ ಮಾತು ಬಂತು. ಪಕ್ಕದ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ ಧಾಮವಿದೆ. ಕುರಿಗಾರಣ್ಣನಿಗೆ ತೋಳದ ಮೇಲೆ ಸಿಟ್ಟಿರಲಿಲ್ಲ: “ಅದೂ ಹೊಟ್ಟಿಗೆ ಬರ್ತೈತಿ. ನಾಯಿ ಎಚ್ಚರಿದ್ರ ಹತ್ರ ಬರಂಗಿಲ್ಲ.” ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ 2005ರಲ್ಲಿ ಬಂದದ್ದು, 2016ರಲ್ಲಿ ಸೈನ್ಯ ಅದನ್ನು ತರಬೇತಿಗೆ ತೆಗೆದುಕೊಂಡದ್ದು ಹೇಳಿದೆ. ಆತ ತನ್ನ ನಾಯಿಯ ನೆತ್ತಿ ಸವರಿ, “ಇದು ಮೈಲಾರಲಿಂಗನ ಕೊಡುಗಿ ನೋಡ್ರಿ” ಎಂದ. ಹಾಲುಮತದವರಿಗೆ ಇದು ಬಾಯಿಮಾತಲ್ಲ. ಮೈಲಾರನ ಜೊತೆ ನಾಯಿ ಇದ್ದೇ ಇರುತ್ತದೆ. ಕರಿಕಂಬಳಿಯ ಗೊರವಯ್ಯಗಳು ದೋಣಿಸೇವೆಯಲ್ಲಿ ನಾಯಿಯಂತೆ ಬೊಗಳುತ್ತ ಹಾಲು, ಬಾಳೆಹಣ್ಣು, ಬೆಲ್ಲ ಕಲಸಿದ ಪ್ರಸಾದವನ್ನು ಬಾಯಿಂದಲೇ ತಿನ್ನುತ್ತಾರೆ. ಯಾದಗಿರಿಯ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆ ಆಗಷ್ಟೇ ಮುಗಿದಿತ್ತು, ಒಲೆಯ ಸುತ್ತ ಕೂತ ಕುರಿಗಾರರ ಹಣೆಯಲ್ಲಿ ಭಂಡಾರ ಇನ್ನೂ ಹಳದಿಯಾಗಿಯೇ ಇತ್ತು. ಆತಕೂರಿನ ಕಲ್ಲಿನಲ್ಲಿ ನಾಯಿಯ ಪೂಜೆಗೆ ಹೊಣೆಯಾದವನೂ ಗೊರವನೇ ಎಂಬುದನ್ನು ಅವರಿಗೆ ಹೇಳಿದಾಗ ಹಿರಿಯನೊಬ್ಬ ಕೈ ಮುಗಿದ.

ಏಳುವ ಹೊತ್ತಿಗೆ ಕಾಳಿಯ ಕಾಲು ನೋಡಿದೆ. ಬೆರಳ ಸಂದಿಯಲ್ಲಿ ಎರಡು ನೆಗ್ಗಿಲುಮುಳ್ಳು, ಕಿವಿಯ ಹಿಂದೆ ಒಂದು ಉಣ್ಣೆ. ಕಿತ್ತು, ಅಂಗಾಲು ತೊಳೆದೆ. ಭತ್ತ, ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ಹೊಲಗಳಲ್ಲಿ ತಿರುಗಿದ ನಾಯಿ ತನ್ನ ಕಾಲು ತಾನೇ ನೆಕ್ಕುವ ಮುಂಚೆ ತೊಳೆಯಲೇಬೇಕು. ಕುರಿಗಾರಣ್ಣ ನೋಡುತ್ತಿದ್ದ. ಕಾಳಿಯ ಕೊರಳಪಟ್ಟಿಯ ಬಿಲ್ಲೆ ಏನೆಂದು ಕೇಳಿದ. ಹುಚ್ಚುನಾಯಿ ರೋಗದ ಸೂಜಿ ಹಾಕಿಸಿದ ಗುರುತು, ವರ್ಷಕ್ಕೊಮ್ಮೆ ಹಾಕಿಸುತ್ತೇವೆ ಎಂದೆ.

“ನಮ್ಮ ನಾಯಿಗೂ ಹಾಕ್ತಾರೇನ್ರಿ?”

ಈ ಪ್ರಶ್ನೆಯೇ ಆ ಎರಡು ದಿನದಲ್ಲಿ ನನ್ನ ಜೊತೆ ಮನೆಗೆ ಬಂದದ್ದು. ಆ ಸೂಜಿಯ ಕಥೆ ಶುರುವಾದದ್ದೂ ಹಳ್ಳಿಯಲ್ಲೇ. ಅಲ್ಸೇಸ್ ಸೀಮೆಯ ಹಳ್ಳಿಯೊಂದರಲ್ಲಿ ಹುಚ್ಚು ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ನನ್ನು ಅವನ ತಾಯಿ ಪ್ಯಾರಿಸ್ಸಿಗೆ ಕರೆತಂದಳು. ಲೂಯಿ ಪಾಶ್ಚರ್ 1885ರ ಜುಲೈ 6ರಂದು ಅವನಿಗೆ ಲಸಿಕೆ ಕೊಡಿಸಲು ತೊಡಗಿದ, ಹುಡುಗ ಬದುಕಿದ. ಆ ಫ್ರಾನ್ಸ್ ಕಾಡಿನ ನರಿಗಳಿಗೂ ತಿನಿಸಿನಲ್ಲಿ ಲಸಿಕೆ ಇಟ್ಟು, 2001ರಲ್ಲಿ ಈ ರೋಗದಿಂದ ಮುಕ್ತವಾಯಿತು. ಗೆಳೆಯನ ನಾಯಿ ನಿರ್ಭಯವಾಗಿ ಹಳ್ಳಿ ಸುತ್ತುವುದರ ಹಿಂದೆ ಇರುವುದು ಈ ದುಡಿಮೆ. ನಾವೂ 2030ರೊಳಗೆ ನಾಯಿಯಿಂದ ಹರಡುವ ಈ ರೋಗವನ್ನು ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆ ಹಾಕಿಕೊಂಡಿದ್ದೇವೆ. ಜುಲೈ 6ಕ್ಕೂ, ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ಕ್ಕೂ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಆದರೆ ಆ ಎರಡೂ ದಿನ ಮಳೆಗಾಲದವು. ಮಳೆಗಾಲದಲ್ಲಿ ಎಲ್ಲಿರುತ್ತೀರಿ ಎಂದರೆ ಕುರಿಗಾರಣ್ಣ, “ಎಲ್ಲಿ ಹಸರೋ ಅಲ್ಲಿ” ಎಂದ. ಯಾವ ಊರಿನ ಪಟ್ಟಿಯಲ್ಲೂ ಅವರ ನಾಯಿಗಳಿಲ್ಲ. ತೋಳದೊಂದಿಗೆ, ನರಿಯೊಂದಿಗೆ ಮೊದಲು ಕಾದಾಡುವ ನಾಯಿಗಳು ಅವೇ.

ಮಾನ್ವಿಯಲ್ಲಿ ಜಗನ್ನಾಥದಾಸರ ಮಂದಿರಕ್ಕೆ ಹೋಗಿ, ನೀರಮಾನ್ವಿ ಗುಡ್ಡದ ಎಲ್ಲಮ್ಮನಿಗೆ ಕೆಳಗಿನಿಂದಲೇ ಕೈ ಮುಗಿದು ಸಂಜೆಗೆ ರಾಯಚೂರು ಸೇರಿದೆವು. ಕಾಳಿ ಮರುದಿನ ಮಧ್ಯಾಹ್ನದವರೆಗೆ ಮಲಗಿದಳು.

ನಾಯಿ ಜೊತೆ ಹೊರಡುವವರು ಲಸಿಕೆಯ ಚೀಟಿ, ಗಟ್ಟಿ ಹಗ್ಗ, ಒಂದು ಕೊಡ ನೀರು ಮರೆಯಬೇಡಿ. ಪಶುಸಂಗೋಪನಾ ಇಲಾಖೆಗೆ ನನ್ನ ವಿನಂತಿ ಒಂದೇ: ಭತ್ತದ ಕೂಳೆಗೆ ಕುರಿ ಬರುವ ಡಿಸೆಂಬರ್–ಜನವರಿಯಲ್ಲಿ ಮಾನ್ವಿ, ಸಿಂಧನೂರು, ದೇವದುರ್ಗ ತಾಲ್ಲೂಕುಗಳಲ್ಲಿ ಒಂದು ಲಸಿಕೆ ಶಿಬಿರವನ್ನು ಕುರಿ ತರುಬಿದ ಹೊಲಗಳಿಗೇ ಒಯ್ಯಿರಿ. ಬೆಳಿಗ್ಗೆ ಎಂಟರೊಳಗೆ ಬಂದರೆ ನಾಯಿಗಳೆಲ್ಲ ಹಿಂಡಿನ ಹತ್ತಿರವೇ ಸಿಗುತ್ತವೆ.