ತರಗತಿಯ ಪಾಠ ಅಂತರ್ಜಾಲಕ್ಕೆ: ಉಪನ್ಯಾಸಕರಿಗೆ ಬೇಕಾದ ನೆರವೇನು?

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾಗುವ ಮೊದಲೇ ನಮ್ಮ ರಾಜ್ಯದ ಕಾಲೇಜುಗಳು ಮುಚ್ಚಿದ್ದವು. ನಮ್ಮ ರಾಜ್ಯದಲ್ಲಿ ಪದವಿ ತರಗತಿಗಳ ಬಾಗಿಲು ಮತ್ತೆ ತೆರೆದದ್ದು ಅದೇ ವರ್ಷದ ನವೆಂಬರ್ 17ರಂದು. ಈ ನಡುವೆ ಕಪ್ಪುಹಲಗೆ ಮತ್ತು ಸೀಮೆಸುಣ್ಣವನ್ನೇ ನಂಬಿದ್ದ ಉಪನ್ಯಾಸಕರು ಮೊಬೈಲಿನ ಮುಂದೆ ನಿಂತು ಪಾಠ ಮಾಡಬೇಕಾಯಿತು. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಾಗಲಿ, ಘಟ್ಟದ ಮೇಲಿನ ದಾವಣಗೆರೆ, ಹರಿಹರದಲ್ಲಾಗಲಿ ಕಷ್ಟ ಒಂದೇ ಆಗಿತ್ತು.

ಆಗ ಹೆಚ್ಚಿನವರು ಮಾಡಿದ್ದು ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಕ್ಯಾಮರಾದ ಮುಂದೆ ಹೇಳಿದ್ದು. ಆದರೆ ಪಾಠವನ್ನು ಅಂತರ್ಜಾಲಕ್ಕೆ ಒಯ್ಯುವುದೆಂದರೆ ಬರೇ ಅಷ್ಟೇ ಅಲ್ಲ. ತರಗತಿಯಲ್ಲಿ ಉಪನ್ಯಾಸಕರು ಮಕ್ಕಳ ಮುಖ ನೋಡಿ ಯಾರಿಗೆ ಅರ್ಥವಾಗಿಲ್ಲವೆಂದು ತಿಳಿಯುತ್ತಾರೆ. ಪರದೆಯ ಮೇಲೆ ಆ ಮುಖ ಕಾಣುವುದಿಲ್ಲ. ಕಾಣದ್ದನ್ನು ತಿಳಿಯುವ ಬೇರೆ ದಾರಿಯನ್ನು ಪಾಠದೊಳಗೇ ಇಡಬೇಕು.

ಇದಕ್ಕೆ ಒಳ್ಳೆಯ ಮಾದರಿ ಈಗಾಗಲೇ ಇದೆ. ಕೇಂದ್ರ ಸರ್ಕಾರವು 2017ರ ಜುಲೈ 9ರಂದು ಆರಂಭಿಸಿದ 'ಸ್ವಯಂ' ವ್ಯವಸ್ಥೆಯಲ್ಲಿ ಪ್ರತಿ ಪಾಠಕ್ಕೂ ನಾಲ್ಕು ಭಾಗಗಳಿವೆ:

1. ವಿಡಿಯೊ ಪಾಠ
2. ಓದಲು ಬರಹ
3. ಪ್ರಶ್ನೆ ಕೇಳಿ ಚರ್ಚಿಸುವ ಜಾಗ
4. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು

ಇವುಗಳಲ್ಲಿ ಮೊದಲನೆಯದಕ್ಕೇ ಎಲ್ಲರ ಗಮನ ಹೋಗುತ್ತದೆ. ಆದರೆ ವಿದ್ಯಾರ್ಥಿ ಎಲ್ಲಿ ಎಡವಿದ್ದಾನೆಂದು ಉಪನ್ಯಾಸಕರಿಗೆ ತಿಳಿಸುವುದು ಕೊನೆಯ ಎರಡು ಭಾಗಗಳು.

ಹರಿಹರ ತಾಲೂಕಿನ ಭಾನುವಳ್ಳಿಯಂಥ ಹಳ್ಳಿಯ ಮನೆಯೊಂದನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಇರುವುದು ಒಂದೇ ಮೊಬೈಲ್. ಹಗಲು ಅದು ತಂದೆಯ ಜೊತೆ ಹೊಲಕ್ಕೆ ಹೋಗುತ್ತದೆ, ಸಂಜೆ ಅಕ್ಕ ತಮ್ಮ ಇಬ್ಬರಿಗೂ ಬೇಕು. ಬೆಳಿಗ್ಗೆ ಹತ್ತು ಗಂಟೆಯ ನೇರ ತರಗತಿ ಈ ಮನೆಗೆ ತಲುಪುವುದಿಲ್ಲ. ಸಾಧಾರಣ ಗುಣಮಟ್ಟದ ಒಂದು ಗಂಟೆಯ ವಿಡಿಯೊಗೆ 200 ಎಂಬಿಗೂ ಹೆಚ್ಚು ಡೇಟಾ ಬೇಕಾಗಬಹುದು. ಅದೇ ಮಾತನ್ನು ಕೇವಲ ಧ್ವನಿಯಾಗಿ ಕಳುಹಿಸಿದರೆ ಸುಮಾರು 15 ಎಂಬಿ ಸಾಕು. ಎರಡು ಪುಟದ ಟಿಪ್ಪಣಿಗೆ ಅದೂ ಬೇಡ. ಹೀಗೆ ಹಾಜರಿ ತಪ್ಪಿದ ಹುಡುಗಿ ಸೋಮಾರಿಯಲ್ಲ. ಪಾಠದ ರೂಪವೇ ಅವಳನ್ನು ಹೊರಗಿಟ್ಟಿದೆ. ಅವಳು ಯಾರಿಗೂ ಹೇಳದೆ ಓದು ಬಿಟ್ಟರೆ ಆ ನಷ್ಟ ಯಾವ ಲೆಕ್ಕಕ್ಕೂ ಸಿಗದು.

ಆದುದರಿಂದ ಉಪನ್ಯಾಸಕರಿಗೆ ನೆರವಾಗುವವರು ತಂತ್ರಾಂಶದ ಗುಂಡಿಗಳಿಂದ ಆರಂಭಿಸಬಾರದು. ಮೊದಲು ಕೇಳಬೇಕಾದದ್ದು: ಈ ವಾರದ ಕೊನೆಗೆ ವಿದ್ಯಾರ್ಥಿಗೆ ಏನು ಬರಬೇಕು? ಉತ್ತರ ಸಿಕ್ಕ ಮೇಲೆ ಒಂದು ಗಂಟೆಯ ಪಾಠವನ್ನು ಹತ್ತು ನಿಮಿಷದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಎರಡು ಮೂರು ಪ್ರಶ್ನೆ ಸೇರಿಸಬಹುದು. ಇಡೀ ವಿಷಯವನ್ನು ಒಮ್ಮೆಗೇ ಬದಲಿಸುವ ಬದಲು ಒಂದು ಘಟಕದಿಂದ ಆರಂಭಿಸುವುದು ಲೇಸು. ಹಿರಿಯ ಉಪನ್ಯಾಸಕರ ಪಕ್ಕದಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರು ಮೊದಲ ಕೆಲವು ದಿನ ಕುಳಿತರೆ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದವರಿಗೆ ವಿಷಯ ಚೆನ್ನಾಗಿ ಗೊತ್ತಿದೆ, ಸಲಕರಣೆ ಮಾತ್ರ ಹೊಸದು.

ಈ ಕೆಲಸ ಕೋವಿಡ್ ಕಾಲಕ್ಕೆ ಮುಗಿದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2021ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಶೇ. 40ರಷ್ಟು ವಿಷಯಗಳನ್ನು 'ಸ್ವಯಂ' ಮೂಲಕ ಕಲಿಯಲು ಅವಕಾಶ ನೀಡಿತು.

ಓದುಗರಾದ ನಾವೂ ಕೈಜೋಡಿಸಬಹುದು. ನಮ್ಮ ಸಭಾಭವನದ ಒಂದು ಕೋಣೆಯಲ್ಲಿ ಸಂಜೆ ಎರಡು ಗಂಟೆ ದೀಪ, ಕುರ್ಚಿ ಮತ್ತು ಇಂಟರ್ನೆಟ್ ಇದ್ದರೆ, ಮನೆಯಲ್ಲಿ ಮೊಬೈಲ್ ಸಿಗದ ಮಗುವಿಗೆ ಅದೇ ತರಗತಿಯಾದೀತು.