ಅಜ್ಜನೂ ಹತ್ತಿರದವನಾದ ವರ್ಷ

ಬೀದರ್ ಕಡೆ ಮದುವೆ ಗೊತ್ತಾಯಿತೆಂದರೆ ಹೈದರಾಬಾದಿನ ಬೇಗಂ ಬಜಾರಿಗೆ ಒಂದು ಫೇರಿ ಆಗಲೇಬೇಕು. ಹಂಡೆ, ಕೊಪ್ಪರಿಗೆ, ಗೋಡಂಬಿ, ಒಣದ್ರಾಕ್ಷಿ ಎಲ್ಲವೂ ಸಗಟು ದರಕ್ಕೆ. ನಾನು ಕಾಯಂ ಹೋಗುವ ಪಾತ್ರೆ ಅಂಗಡಿ ನಮ್ಮ ಕಡೆಯವರದೇ. ಗಲ್ಲಾದ ಮೇಲೆ ಅಜ್ಜ, ಕಾಟಾದ ಬಳಿ ಮಗ, ಬಿಲ್ ಬರೆಯಲು ಮೊಮ್ಮಗ. ಹಿತ್ತಾಳೆ ತಪ್ಪಲೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದಿನಲ್ಲೇ ಅದರ ದಪ್ಪ ಹೇಳುತ್ತಾನೆ ಅಜ್ಜ. ಈ ಅಜ್ಜನನ್ನು ಅಂಗಾಂಗ ಕಸಿಯ ಕಾನೂನು ಮೊನ್ನೆಮೊನ್ನೆಯವರೆಗೂ ಆ ಹುಡುಗನ ‘ಹತ್ತಿರದ ಸಂಬಂಧಿ’ ಎಂದು ಒಪ್ಪಿರಲಿಲ್ಲ.

ಕೇಂದ್ರದ ಕಾನೂನು ಬಂದದ್ದು 1994ರಲ್ಲಿ. ಆಂಧ್ರಪ್ರದೇಶ ಅದನ್ನು ಒಪ್ಪಿಕೊಳ್ಳದೆ 1995ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಗಂಡ ಅಥವಾ ಹೆಂಡತಿ, ಅಪ್ಪ, ಅಮ್ಮ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ: ಅಲ್ಲಿಗೆ ಬಳಗ ಮುಗಿಯಿತು. ಅಜ್ಜಿ ಮೊಮ್ಮಗನಿಗೆ ಕಿಡ್ನಿ ಕೊಡಲು ಹೊರಟರೂ ಸಮಿತಿಯ ಮುಂದೆ ನಿಂತು, ದುಡ್ಡಿಗಲ್ಲ, ಅಕ್ಕರೆಯಿಂದ ಕೊಡುತ್ತಿದ್ದೇನೆ ಎಂದು ರುಜುವಾತು ಮಾಡಬೇಕಿತ್ತು. ಅಕ್ಕರೆಗೆ ಎಲ್ಲಿಯ ರಸೀದಿ?

ಕೇಂದ್ರದ ಕಾನೂನಿಗೆ ಬಂದ 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಬಳಗಕ್ಕೆ ಸೇರಿಸಿತು. ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ದಾರಿಯನ್ನೂ ತೆರೆಯಿತು. ಆದರೆ ಆರೋಗ್ಯ ರಾಜ್ಯದ ವಿಷಯ. ಸಂವಿಧಾನದ 252ನೇ ವಿಧಿಯಂತೆ ಆಯಾ ರಾಜ್ಯದ ಶಾಸಕಾಂಗ ಠರಾವು ಮಾಡಿದರಷ್ಟೇ ಇಂಥ ಕಾಯ್ದೆ ಅಲ್ಲಿಗೆ ಅನ್ವಯ. ರಾಷ್ಟ್ರಪತಿಗಳ ಅಂಕಿತ ಬಿದ್ದ ಆ ಸೆಪ್ಟೆಂಬರಿನಲ್ಲಿ ಇಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನುಲ ಸಮ್ಮೆ ಎಂಬ ಮುಷ್ಕರ ನಡೆದಿತ್ತು. 42 ದಿನ ಬಸ್ಸು, ಶಾಲೆ, ಕಚೇರಿ ಯಾವುದೂ ಸರಿಯಾಗಿ ನಡೆಯಲಿಲ್ಲ. ತಿದ್ದುಪಡಿ ಜಾರಿಗೆ ಬಂದದ್ದು 2014ರ ಜನವರಿ 10ರಂದು. ಆಗ ಹೈದರಾಬಾದಿನ ವಿಧಾನಸಭೆ ರಾಜ್ಯ ವಿಭಜನೆಯ ಮಸೂದೆ ಹಿಡಿದು ಕಿತ್ತಾಡುತ್ತಿತ್ತು. ಜನವರಿ 30ಕ್ಕೆ ಧ್ವನಿಮತದಿಂದ ಅದನ್ನು ತಿರಸ್ಕರಿಸಿತು, ಮಾರ್ಚ್ 1ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಅಜ್ಜಿಯ ಕಿಡ್ನಿ ಯಾರಿಗೆ ನೆನಪಾಗಬೇಕು!

ಹಾಗೆಂದು ಎಲ್ಲವನ್ನೂ ಬಿಕ್ಕಟ್ಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಗದ್ದಲದ ನಡುವೆಯೇ, 2013ರಲ್ಲಿ, ನಿಮ್ಸ್ ಆಸ್ಪತ್ರೆಯಲ್ಲಿ ಮಿದುಳು ಸತ್ತವರ ಅಂಗದಾನದ ಯೋಜನೆ ‘ಜೀವನ್‌ದಾನ್’ ಶುರುವಾಯಿತು. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು, ಹಳೆಯ ಕಾಯ್ದೆಯೂ ಆಸ್ತಿಯ ಪಾಲಿನಂತೆ ಜೊತೆಗೆ ಬಂತು. ಆಮೇಲೆ ಸದನಕ್ಕೆ ಅಡ್ಡಿ ಏನಿತ್ತು? ಕೇಂದ್ರದ ಕಾಯ್ದೆಯನ್ನು ಒಪ್ಪುವ ಠರಾವು ಬಂದದ್ದು 2025ರ ಮಾರ್ಚ್‌ನಲ್ಲಿ.

ಉತ್ತರ ಐರ್ಲೆಂಡಿನಲ್ಲೂ ಹೀಗೊಂದು ಕಥೆ. ‘ಬೇಡ’ ಎಂದು ದಾಖಲಿಸದವರ ಒಪ್ಪಿಗೆ ಇದೆಯೆಂದೇ ಲೆಕ್ಕ ಹಿಡಿಯುವ ಕಾಯ್ದೆ ಅಲ್ಲಿ 2022ರಲ್ಲಿ ಆಯಿತು. ಹೃದಯಕ್ಕಾಗಿ ಕಾಯುತ್ತಿದ್ದ ಪುಟ್ಟ ಹುಡುಗ ಡಾಹಿಯ ಹೆಸರೇ ಅದಕ್ಕೆ. ನಿಯಮಗಳಿಗೆ ಒಪ್ಪಿಗೆ ಕೊಡಬೇಕಾದ ಶಾಸನಸಭೆ ಸ್ಪೀಕರನ್ನೇ ಆರಿಸಲಾಗದೆ ಕೂತಿತು. ಕೊನೆಗೆ ಲಂಡನ್ನಿನ ಸಂಸತ್ತು ಬೇರೊಂದು ಮಸೂದೆಗೆ ತಿದ್ದುಪಡಿ ಪೋಣಿಸಿ ಗಂಟು ಬಿಡಿಸಿತು. 2023ರ ಜೂನ್ 1ರಿಂದ ಕಾಯ್ದೆ ಜಾರಿಯಾಯಿತು.

ನಮ್ಮಲ್ಲಿ ಲೆಕ್ಕ ಉಲ್ಟಾ. ಮಿದುಳು ಸತ್ತಿದೆಯೆಂದು ಖಾತ್ರಿಪಡಿಸಲು ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡುತ್ತಾರೆ. ಎದೆ ಏರಿಳಿಯುತ್ತಲೇ ಇರುತ್ತದೆ, ಅಂಗೈ ಬೆಚ್ಚಗೇ ಇರುತ್ತದೆ. ಆ ಹೊತ್ತಿನಲ್ಲಿ ಐಸಿಯು ಹೊರಗೆ ನಿಂತವರ ಬಳಿ ಅಂಗದಾನದ ಸಂಯೋಜಕರು ಬಂದು ಒಪ್ಪಿಗೆ ಕೇಳುತ್ತಾರೆ. ಸತ್ತವರು ಮೊದಲೇ ದಾನಿಯ ಕಾರ್ಡು ಮಾಡಿಸಿಟ್ಟಿದ್ದರೂ ಮನೆಯವರು ತಲೆ ಅಲ್ಲಾಡಿಸಿದರೆ ಆಸ್ಪತ್ರೆಯವರು ಮುಂದುವರಿಯುವುದಿಲ್ಲ.

ಈ ಸಲ ಅಂಗಡಿಗೆ ಹೋದಾಗ, ಸತ್ತ ಮೇಲೆ ಅಂಗದಾನ ಮಾಡುತ್ತೇನೆಂದು ಬರೆದುಕೊಡುವ ಫಾರಂ 7ರ ಒಂದು ಪ್ರತಿ ನನ್ನ ಚೀಲದಲ್ಲಿತ್ತು. ಅಜ್ಜ ಕನ್ನಡಕ ಏರಿಸಿ ಓದಿದ. ಇಬ್ಬರು ಸಾಕ್ಷಿ, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ.

“ತಮ್ಮಾ, ಮಮ್ಮಗನ ಸಹಿ ನಡೀತದೇನು?”

“ಈಗ ನಡೀತದ್ರಿ ಅಜ್ಜಾರ.”

ಹುಡುಗ ಬಿಲ್ ಪುಸ್ತಕ ಮುಚ್ಚಿದ. ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಅಜ್ಜನ ಮುಖ ನೋಡಿದ. ಅಷ್ಟರಲ್ಲಿ ಜಹೀರಾಬಾದಿನ ಗಿರಾಕಿ ಹಂಡೆಯ ದರ ಕೇಳಿದ. ಅಜ್ಜ ಫಾರಂ ಅನ್ನು ಗಲ್ಲಾದೊಳಗೆ, ನೋಟುಗಳ ಕೆಳಗೆ ಇಟ್ಟು, ತೂಕ ಎಷ್ಟಾಯಿತು ಎಂದ.