ರಾಗಿ ಕಾಳಿನಷ್ಟಾಗಿ ನಿಂತೇಬಿಟ್ಟ ಕ್ಯಾನ್ಸರ್!

ಒಂದು ಒಗಟು. ಬಿಡಿಸಿ ನೋಡೋಣ!

ಗಾಜಿನ ಕೋಣೆಯೊಳಗೆ ಮೊಲದ ಥೈರಾಯ್ಡ್ ಗ್ರಂಥಿ. ಮೊಲ ಇಲ್ಲ, ಗ್ರಂಥಿಯೊಂದೇ! ರಕ್ತವೂ ಇಲ್ಲ. ಅದರೊಳಗೆ ಹರಿಯುತ್ತಿರುವುದು ಹಿಮೋಗ್ಲೋಬಿನ್ ದ್ರಾವಣ. ಆದರೂ ಗ್ರಂಥಿ ಬದುಕಿದೆ. ಅದಕ್ಕೀಗ ಇಲಿಯ ಕ್ಯಾನ್ಸರ್ ಕೋಶಗಳನ್ನು ಚುಚ್ಚುತ್ತಾರೆ. ಗೆಡ್ಡೆ ಬೆಳೆಯುತ್ತದೆ. ಇನ್ನೂ ಬೆಳೆಯುತ್ತದೆ. ರಾಗಿ ಕಾಳಿನಷ್ಟಾಗಿ... ನಿಂತೇಬಿಡುತ್ತದೆ!

ಸತ್ತುಹೋಯಿತೇ? ಇಲ್ಲ ಸ್ವಾಮಿ! ಅದನ್ನೇ ಕಿತ್ತು ಜೀವಂತ ಇಲಿಯ ಮೈಗೆ ನೆಟ್ಟರೆ ದಬದಬನೆ ಬೆಳೆಯಿತು.

ಗಾಜಿನ ಕೋಣೆಯಲ್ಲಿ ಇಲ್ಲದ್ದು, ಇಲಿಯ ಮೈಯಲ್ಲಿ ಇದ್ದದ್ದು ಏನು? ಯೋಚಿಸುತ್ತಿರಿ.

ಇದು ನಡೆದದ್ದು 1960ರ ಆಸುಪಾಸಿನಲ್ಲಿ, ಅಮೆರಿಕದ ಬೆಥೆಸ್ಡಾದ ನೌಕಾಪಡೆ ವೈದ್ಯಕೀಯ ಕೇಂದ್ರದಲ್ಲಿ. ಮಾಡಿದವರು ಜೂಡಾ ಫೋಕ್‌ಮನ್ ಎಂಬ ಎಳೆಯ ಶಸ್ತ್ರವೈದ್ಯ ಮತ್ತು ಜೊತೆಗಾರ ಫ್ರೆಡರಿಕ್ ಬೆಕರ್. ತಮಾಷೆ ಕೇಳಿ, ಅವರಿಗೆ ಬೇಕಿದ್ದದ್ದು ಕ್ಯಾನ್ಸರ್ ಅಲ್ಲವೇ ಅಲ್ಲ! ಹಡಗಿನಲ್ಲಿ ಕೆಡದೆ ಉಳಿಯುವ ಕೃತಕ ರಕ್ತ!

ಉತ್ತರ ಹೊಳೆಯಿತೇ? ಹೊಸ ರಕ್ತನಾಳ! ಆ ಒಂಟಿ ಗ್ರಂಥಿಯಲ್ಲಿ ಹೊಸ ನಾಳ ಚಿಗುರಲೇ ಇಲ್ಲ. ನಾಳದಿಂದ ಆಮ್ಲಜನಕ ದಾಟುವುದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮಾತ್ರ. ಅದರಾಚೆಯ ಕೋಶಕ್ಕೆ ಉಪವಾಸವೇ ಗತಿ.

1971ರಲ್ಲಿ ಫೋಕ್‌ಮನ್ ಬರೆದೇಬಿಟ್ಟರು: ಗೆಡ್ಡೆ ರಾಸಾಯನಿಕ ಸಂದೇಶ ಕಳಿಸಿ ರಕ್ತನಾಳಗಳನ್ನು ತನ್ನೆಡೆಗೆ ಕರೆಸಿಕೊಳ್ಳುತ್ತದೆ. ಆ ಕರೆಯನ್ನು ತಡೆಯಿರಿ, ಬೆಳವಣಿಗೆ ನಿಲ್ಲುತ್ತದೆ!

ಚಪ್ಪಾಳೆ ಬಿತ್ತೇ? ಎಲ್ಲಿಯ ಮಾತು! ಗೆಡ್ಡೆಯ ಸುತ್ತಲ ಕೆಂಪು ಬರೀ ಉರಿಯೂತ ಎಂದು ತಳ್ಳಿಹಾಕಿದವರೇ ಹೆಚ್ಚು. 34ಕ್ಕೇ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾಗಿದ್ದವರ ಮಾತಿಗೂ ಇಷ್ಟೇ ಬೆಲೆ!

ಈಗ ಮೊಲದ ಕಣ್ಣೊಳಗೆ ಇಣುಕಿ. ಮುಂಭಾಗದ ತಿಳಿದ್ರವದಲ್ಲಿ ಒಂದು ಗೆಡ್ಡೆಯ ಚೂರು ತೇಲುತ್ತಿದೆ. ಸುತ್ತ ರಕ್ತನಾಳವಿಲ್ಲ. ಅದು 1 ಮಿಲಿಮೀಟರ್ ಕೂಡ ಮುಟ್ಟಲಿಲ್ಲ. ಅಂಥದೇ ಇನ್ನೊಂದು ಚೂರನ್ನು ನಾಳಗಳು ತುಂಬಿದ ಐರಿಸ್‌ಗೆ ತಾಗಿಸಿ ಇಟ್ಟರು. ಎರಡೇ ವಾರ. ಎಷ್ಟು ಪಟ್ಟು ಬೆಳೆದಿರಬಹುದು? ಹತ್ತು? ನೂರು? ಸಾವಿರ?

ಹದಿನಾರು ಸಾವಿರ ಪಟ್ಟು!

ಸರಿ, ತಡೆಯುವ ಔಷಧ ಎಲ್ಲಿಂದ ತರುವುದು? ಬೂಷ್ಟಿನಿಂದ! ಫೋಕ್‌ಮನ್ ಪ್ರಯೋಗಾಲಯದ ಡೊನಾಲ್ಡ್ ಇಂಗ್ಬರ್ ಬೆಳೆಸುತ್ತಿದ್ದ ರಕ್ತನಾಳ ಕೋಶಗಳ ತಟ್ಟೆಗೆ ಬೂಷ್ಟು ಹಿಡಿಯಿತು. ಯಾರಾದರೂ ಎಸೆಯುತ್ತಿದ್ದರು. ಇವರು ಬಗ್ಗಿ ನೋಡಿದರು. ಬೂಷ್ಟಿನ ಹತ್ತಿರದ ಕೋಶಗಳು ಸತ್ತಿರಲಿಲ್ಲ, ದುಂಡಗಾಗಿ ಸುಮ್ಮನಾಗಿದ್ದವು! ಅದರಿಂದಲೇ ನಾಳ ತಡೆಯುವ ಒಂದು ಔಷಧ ಹುಟ್ಟಿ, ಮನುಷ್ಯರ ಮೇಲಿನ ಪ್ರಯೋಗದವರೆಗೂ ಹೋಯಿತು.

ಮುಂದಿನದು ಎಲ್ಲಿಂದ? ಊಹಿಸಲಾರಿರಿ. ಇಲಿಯ ಮೂತ್ರದಿಂದ! ದೊಡ್ಡ ಗೆಡ್ಡೆಯನ್ನು ತೆಗೆದ ಮೇಲೆ ಬೇರೆಡೆ ಅಡಗಿದ್ದ ಸಣ್ಣವು ಕೆಲವೊಮ್ಮೆ ಧುತ್ತೆಂದು ಬೆಳೆಯುತ್ತವಲ್ಲ, ಏಕೆ? ದೊಡ್ಡದೇ ಅವನ್ನು ಹತ್ತಿಕ್ಕಿತ್ತು! ನಾಳಗಳನ್ನು ತಡೆದು ಹತ್ತಿಕ್ಕುವ ಆ ಪ್ರೋಟೀನನ್ನು ಮೈಕೆಲ್ ಓರೈಲಿ ಇಲಿಗಳ ಮೂತ್ರದಿಂದ ಸೋಸಿ ತೆಗೆದರು. 1994ರಲ್ಲಿ ಅದಕ್ಕೆ ಆಂಜಿಯೋಸ್ಟ್ಯಾಟಿನ್ ಎಂಬ ಹೆಸರಾಯಿತು.

1998ರಲ್ಲಿ ಇಂಥ ನಾಳತಡೆ ಪ್ರೋಟೀನುಗಳ ಸುದ್ದಿಗೆ ಪತ್ರಿಕೆಗಳು ಕುಣಿದಾಡಿದವು. ಕ್ಯಾನ್ಸರಿಗೆ ಮದ್ದು ಸಿಕ್ಕೇಬಿಟ್ಟಿತು! ಇಲಿಗಳನ್ನಾದರೆ ಗುಣಪಡಿಸಬಲ್ಲೆವು ಎಂದು ಫೋಕ್‌ಮನ್ನರೇ ತಣ್ಣೀರೆರಚಿದರು.

ಗೆಲುವು ಬಂದದ್ದು 2004ರಲ್ಲಿ. ನೆಪೋಲಿಯೋನ್ ಫೆರಾರಾ ತಂಡ 1989ರಲ್ಲಿ ಗುರುತಿಸಿದ್ದ ವಿಇಜಿಎಫ್ ಎಂಬ ಸಂದೇಶವಾಹಕ ಪ್ರೋಟೀನನ್ನು ಕಟ್ಟಿಹಾಕುವ ಅವಾಸ್ಟಿನ್‌ಗೆ ಅಮೆರಿಕದ ಒಪ್ಪಿಗೆ! ಹರಡಿದ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಕೀಮೋಥೆರಪಿಯ ಜೊತೆ ಕೊಟ್ಟಾಗ ಬದುಕಿನ ಮಧ್ಯಮಾವಧಿ 15.6ರಿಂದ 20.3 ತಿಂಗಳಿಗೆ ಏರಿತ್ತು. ಪವಾಡವಲ್ಲ, ನಿಜ. ಆದರೆ ನಕ್ಕವರ ಬಾಯಿ ಮುಚ್ಚಿತು! 2017ರಲ್ಲಿ ಇದೇ ಔಷಧವನ್ನು ಹೋಲುವ ಬಯೋಸಿಮಿಲರ್ ‘ಕ್ರಬೇವಾ’ವನ್ನು ಮಾರುಕಟ್ಟೆಗೆ ತಂದವರು ಯಾರು ಗೊತ್ತೇ? ನಮ್ಮ ಬೆಂಗಳೂರಿನ ಬಯೋಕಾನ್!

ಇನ್ನೊಂದು ಬೋನಸ್ಸು! ವಯಸ್ಸಾದವರ ಅಕ್ಷಿಪಟಲದ ಕೆಳಗೆ ಬೇಡದ ನಾಳ ಹುಟ್ಟಿ, ಸೋರಿ, ದೃಷ್ಟಿ ಹೋಗುವುದುಂಟು. ಅದೇ ವಿಇಜಿಎಫ್ ತಡೆಯುವ ಚುಚ್ಚುಮದ್ದು ಇಂದು ಆ ಕಣ್ಣುಗಳನ್ನೂ ಕಾಯುತ್ತಿದೆ.

ಕೊನೆಯ ಬೆರಗು. ಬೇರೆ ಕಾರಣಕ್ಕೆ ಸತ್ತ 40-50ರ ವಯಸ್ಸಿನ ಮಹಿಳೆಯರ ಶವಪರೀಕ್ಷೆಗಳಲ್ಲಿ, ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಯ ಸ್ತನದಲ್ಲಿ ಪುಟಾಣಿ ಕ್ಯಾನ್ಸರ್ ಇತ್ತು! ಆ ವಯಸ್ಸಿನಲ್ಲಿ ಕಾಯಿಲೆ ಎಂದು ಪತ್ತೆಯಾಗುವುದು? ನೂರಕ್ಕೆ ಒಬ್ಬರಲ್ಲಿ! 2004ರಲ್ಲಿ ಫೋಕ್‌ಮನ್ ಇದನ್ನು ‘ಕಾಯಿಲೆಯಿಲ್ಲದ ಕ್ಯಾನ್ಸರ್’ ಎಂದು ಲೋಕದ ಮುಂದಿಟ್ಟರು. ಗೆಡ್ಡೆ ಕಣ್ಣಿಗೆ ಬೀಳುವ ಮೊದಲೇ ರಕ್ತ, ಮೂತ್ರದಲ್ಲಿ ಅದರ ಸುಳಿವು ಹಿಡಿದು ನಾಳಗಳನ್ನು ತಡೆಯಬೇಕು ಎಂಬುದು 2008ರಲ್ಲಿ ತೀರಿಕೊಳ್ಳುವವರೆಗೂ ಅವರ ಹಂಬಲ. ಆ ಸುಳಿವು ಹಿಡಿಯುವ ಪರೀಕ್ಷೆಯ ಬೆನ್ನಿಗೆ ವಿಜ್ಞಾನಿಗಳು ಇಂದಿಗೂ ಬಿದ್ದಿದ್ದಾರೆ!